ಇನ್ನೂರೈವತ್ತು ರೂಪಾಯಿಯ ಮನೆ

ಮುಂಬಯಿಯ ಭಾಂಡುಪ್‌ನಲ್ಲಿ ಇಬ್ಬರು ಊರವರು ಸಿಕ್ಕಿದರೆ ಕ್ಷೇಮಸಮಾಚಾರ ಮುಗಿಯುವ ಮೊದಲೇ ‘ನಿಮ್ಮ ಕಡೆ ಈಗ ರೇಟ್ ಎಷ್ಟುಂಟು ಮಾರಾಯ್ರೆ?’ ಎಂಬ ಪ್ರಶ್ನೆ ಬಂದೇ ಬರುತ್ತದೆ. ಕೇಳಿದವರಿಗೆ ಕೊಳ್ಳುವುದಿರುವುದಿಲ್ಲ, ಹೇಳುವವರಿಗೆ ಮಾರುವುದಿರುವುದಿಲ್ಲ. ಆದರೂ ಹೇಳುವಾಗ ಒಂದೈದು ಲಕ್ಷ ಸೇರಿಸಿಯೇ ಹೇಳುತ್ತಾರೆ. ಸ್ವಂತ ಮನೆಯ ಮರ್ಯಾದೆಯ ವಿಷಯ ನೋಡಿ.

ಸ್ಟೇಷನ್ನಿನ ಪಶ್ಚಿಮಕ್ಕಿರುವ ನಮ್ಮ ಒಂದು ಬೆಡ್‌ರೂಮಿನ ಮನೆ ನನ್ನ ಕೈಗೆ ಬರುವ ಮೊದಲು ಇಬ್ಬರನ್ನು ದಾಟಿದೆ. ಅದರ ಜಾತಕವೆಲ್ಲ ಒಂದು ಪ್ಲಾಸ್ಟಿಕ್ ಫೈಲಿನೊಳಗಿದೆ. ಬಿಲ್ಡರನ ಮೊದಲ ಅಗ್ರಿಮೆಂಟು ಛಾಪಾ ಕಾಗದದ ಮೇಲೆ ಟೈಪ್ ಹೊಡೆದದ್ದು. ಎರಡನೆಯದು ತೆಲಗಿ ಹಗರಣದ ನಂತರದ್ದು, ಅದಕ್ಕೆ ಫ್ರಾಂಕಿಂಗಿನ ಕೆಂಪು ಮುದ್ರೆ. ನಕಲಿ ಛಾಪಾ ಕಾಗದ ಅಚ್ಚು ಹಾಕಿದ ನಮ್ಮ ಖಾನಾಪುರದ ತೆಲಗಿಯ ಕೈಚಳಕದಿಂದಾಗಿ ಹಳೇ ಕಾಗದ ಕಂಡರೆ ಬ್ಯಾಂಕಿನವರು ಬೆಳಕಿಗೆ ಹಿಡಿದು ನೋಡುವಂತಾಯಿತು. ನನ್ನದು ಇ-ಚಲನಿನ ಕಾಲದ್ದು. ಜೊತೆಗೆ ಮರಾಠಿಯ ‘ಸೂಚಿ ಕ್ರಮಾಂಕ 2’, ಎಲ್ಲರ ಬಾಯಲ್ಲಿ ಇಂಡೆಕ್ಸ್ ಟೂ. ಅದರಲ್ಲಿ ‘ಮೋಬದಲಾ’ ಎಂದು ನಾನು ಕೊಟ್ಟ ಹಣ, ಅದರ ಕೆಳಗೆ ‘ಬಾಜಾರಭಾವ’ ಎಂದು ಸರ್ಕಾರ ರೆಡಿ ರೆಕನರ್ ನೋಡಿ ಕಟ್ಟಿದ ಬೆಲೆ. ಯಾವುದು ಹೆಚ್ಚೋ ಅದರ ಮೇಲೆ ಸ್ಟಾಂಪ್ ಡ್ಯೂಟಿ. ಸರ್ಕಾರಕ್ಕೂ ನಮ್ಮ ಮಾತಿನ ಮೇಲೆ ಅಷ್ಟೇ ನಂಬಿಕೆ.

ನಂಬದಿರಲು ಕಾರಣವೂ ಇತ್ತೆನ್ನಿ. ‘ಬ್ಲ್ಯಾಕ್ ಎಷ್ಟು, ವೈಟ್ ಎಷ್ಟು’ ಎಂದು ಕೇಳದೆ ಈ ಊರಲ್ಲಿ ಮನೆಯ ಮಾತುಕತೆ ಶುರುವಾಗುತ್ತಲೇ ಇರಲಿಲ್ಲ. ಫೈಲಿನ ಮೊದಲೆರಡು ಕಾಗದಗಳಲ್ಲಿರುವುದು ವೈಟ್ ಮಾತ್ರ. ಮಿಕ್ಕದ್ದು ಯಾರ ಚೀಲದಿಂದ ಯಾರ ಕಪಾಟಿಗೆ ಹೋಯಿತೋ, ಕೊಟ್ಟವರಿಗೂ ತೆಗೆದುಕೊಂಡವರಿಗೂ ಗೊತ್ತು. ಇನ್ನು 1995ರಲ್ಲಿ ಮುಂಬಯಿಯ ಬೆಲೆಗಳು ತುದಿ ಮುಟ್ಟಿ ಆಮೇಲೆ ವರ್ಷಗಟ್ಟಲೆ ಜಾರಿದ ಸಂಗತಿ ಯಾರ ಬಾಯಲ್ಲೂ ಬರುವುದಿಲ್ಲ. ಆ ವರ್ಷ ಕೊಂಡವರೊಬ್ಬರು ನಮ್ಮ ವಿಂಗಿನಲ್ಲೇ ಇದ್ದಾರೆ. ಎಷ್ಟಕ್ಕೆ ಕೊಂಡಿರಿ ಎಂದರೆ ಮೆಟ್ರೋ 4ರ ಕೆಲಸ ಎಲ್ಲಿಗೆ ಬಂತು ಎಂದು ಕೇಳುತ್ತಾರೆ.

ಬೆಲೆ ಹೋಗಲಿ, ಮನೆಯ ಅಳತೆಯೂ ಒಂದೇ ಇಲ್ಲ. ಒಂದು ಅಗ್ರಿಮೆಂಟಿನಲ್ಲಿ ಬಿಲ್ಟ್-ಅಪ್, ಇನ್ನೊಂದರಲ್ಲಿ ಮೆಟ್ಟಿಲಿನ ಪಾಲನ್ನೂ ಸೇರಿಸಿದ ಸೂಪರ್ ಬಿಲ್ಟ್-ಅಪ್, 2017ರಲ್ಲಿ ರೇರಾ ಬಂದ ಮೇಲೆ ಎಲ್ಲೆಲ್ಲೂ ಕಾರ್ಪೆಟ್. ಗೋಡೆ ಒಂದಿಂಚೂ ಸರಿದಿಲ್ಲ. ದಲಾಲರ ಮುಂದೆ ಎದೆಯುಬ್ಬಿಸುವ ಇದೇ ಮನೆ ಪಾಲಿಕೆಯ ಮುಂದೆ ಮುದುಡಿ ಕೂರುತ್ತದೆ. 500 ಚದರಡಿಯೊಳಗಿನ ಮನೆಗಳಿಗೆ 2022ರಿಂದ ಆಸ್ತಿ ತೆರಿಗೆ ಮಾಫಿಯಲ್ಲವೇ!

ಫೈಲಿನಲ್ಲಿ ನನಗೆ ಇಷ್ಟವಾದದ್ದು ಸೊಸೈಟಿಯ ಶೇರ್ ಸರ್ಟಿಫಿಕೇಟು. ಹಳೇ ಸೊಸೈಟಿಗಳ ಪದ್ಧತಿಯಂತೆ ಐವತ್ತು ರೂಪಾಯಿಯ ಐದು ಶೇರು, ಒಟ್ಟು 250 ರೂಪಾಯಿ. ಹಿಂಬದಿಯಲ್ಲಿ ಗೆರೆ ಎಳೆದ ಕೋಷ್ಟಕ: ಮನೆ ಕೈ ಬದಲಾದಾಗಲೆಲ್ಲ ಹೊಸ ಹೆಸರು, ತಾರೀಕು, ಚೇರ್ಮನ್ ಮತ್ತು ಸೆಕ್ರೆಟರಿಯ ಸಹಿ. ಮೊದಲ ಹೆಸರು ನೀಲಿ ಶಾಯಿಯ ಗುಂಡಗಿನ ಅಕ್ಷರದ್ದು, ನನ್ನದು ಬಾಲ್‌ಪೆನ್ನಿನಲ್ಲಿ ಗೀಚಿದ್ದು. ಬೆಲೆಯ ಸುದ್ದಿಯೇ ಇಲ್ಲ. ಲಕ್ಷದ ಲೆಕ್ಕದಲ್ಲಿ ಕೊಂಡವರಿಗೂ ನಾಳೆ ಕೋಟಿ ಸುರಿಯುವವರಿಗೂ ಅದೇ ಐದು ಶೇರು. ಈ ಹೆಸರು ಬದಲಿಸಲು ಸೊಸೈಟಿ ಪಡೆಯುವ ಪ್ರೀಮಿಯಂ 25 ಸಾವಿರ ಮೀರಕೂಡದೆಂದು ಸರ್ಕಾರದ ಆದೇಶವಿದೆ. ಅದಕ್ಕೇ ಅನೇಕ ಸೊಸೈಟಿಗಳಲ್ಲಿ ‘ಸ್ವಇಚ್ಛೆಯ ದೇಣಿಗೆ’ ಎಂಬ ರಸೀದಿ ಪುಸ್ತಕ ಬೇರೆ ಇರುತ್ತದೆ.

ಊರಿಂದ ಬಂದ ಅತ್ತೆಯವರು ಈಗಿನ ರೇಟು ಕೇಳಿ, ‘ಅಷ್ಟಕ್ಕೆ ಕುಂದಾಪುರದ ಹತ್ತಿರ ತೋಟ, ಬಾವಿ, ಹಟ್ಟಿ ಎಲ್ಲ ಬರ್ತದಲ್ಲ ಮಗಾ’ ಎಂದರು. ಬರುತ್ತದೆ, ಏಳು ಗಂಟೆಯ ಲೋಕಲ್ ಬರುವುದಿಲ್ಲ.

ಈಗ ರೀಡೆವಲಪ್‌ಮೆಂಟಿನ ಮಾತು ಎದ್ದಿದೆ. ಕಳೆದ ಸಭೆಯಲ್ಲಿ ಒಬ್ಬರು ಎದ್ದು ನಿಂತು ಹೊಸ ಮನೆ ಒಂದೂವರೆ ಕೋಟಿಗೆ ಕಡಿಮೆಯಿಲ್ಲವೆಂದು ಲೆಕ್ಕ ಒಪ್ಪಿಸಿದರು. ನಾವೆಲ್ಲ ಚಪ್ಪಾಳೆ ತಟ್ಟಿದೆವು. ಮುಂದಿನ ವಿಷಯ ನೀರಿನ ಪಂಪಿನ ರಿಪೇರಿ, ತಲಾ ಎರಡು ಸಾವಿರ. ಅವರು ಮೊಬೈಲ್ ಕಿವಿಗೆ ಹಿಡಿದು ಹೊರಗೆ ಹೋದವರು, ಸಭೆಯ ಸಮೋಸ ಬರುವವರೆಗೂ ಒಳಗೆ ಬರಲಿಲ್ಲ.