ನೀರು ಬಿಡದ ನೂರು ವರ್ಷದ ಬಳ್ಳಿ, ನಮ್ಮ ಹದಿನೆಂಟರ ಪಡ

ಈ ಸಲದ ಟಿಪ್ಪಣಿ ಉದ್ದ ಐತಿ, ಪುರುಸೊತ್ತು ಮಾಡಿಕೊಂಡು ಓದ್ರಿ.

ಏಪ್ರಿಲ್ ಚಾಟ್ನಿ ಹತ್ತಿರ ಬಂತು. ನಮ್ಮ ಎರಡೆಕರೆ ಹಳೇ ದ್ರಾಕ್ಷಿ ಪಡಕ್ಕೆ ಹದಿನೆಂಟು ವರ್ಷ ತುಂಬಿದವು. ಇಳುವರಿ ಇಳಿದಿದೆ. ಬೋರ್‌ವೆಲ್ ಬ್ಯಾಸಿಗ್ಯಾಗ ಎರಡು ತಾಸು ಓಡಿದರೆ ಹೆಚ್ಚು. "ಕಿತ್ತು ಹೊಸಾದು ಹಚ್ಚೋಣು" ಅಂತಾನ ಮಗ. ಅವನ ಲೆಕ್ಕ ತಪ್ಪಲ್ಲ. ನಮ್ಮ ಕಡೆ ಹದಿನೈದು ದಾಟಿದ ಪಡದ ಮುಂದ ಜೆಸಿಬಿ ಬಂದು ನಿಲ್ಲೂದು ಹೊಸದೇನಲ್ಲ. ಆದರೆ ಕೀಳೂ ಮುಂಚೆ ಒಂದು ಮಾತು ತಿಳಕೋಬೇಕು ಅನಿಸ್ತು: ನೀರು ಬಿಡದೆ ದ್ರಾಕ್ಷಿ ಬಳ್ಳಿ ಎಷ್ಟು ವರ್ಷ ಬಾಳತೈತಿ? ಹುಡುಕಿದಾಗ ಸಿಕ್ಕಿದ್ದು ಸ್ಪೇನ್ ದೇಶದ ಪ್ರಿಯೊರಾಟ್. ಆ ಊರಿಗೆ ನಾನು ಹೋಗಿಲ್ಲ. ಓದಿದ್ದನ್ನು, ವಿಡಿಯೋದಾಗ ನೋಡಿದ್ದನ್ನು ಹೇಳ್ತೀನಿ.

ಬಾರ್ಸಿಲೋನಾದಿಂದ ನೈಋತ್ಯಕ್ಕೆ ಗುಡ್ಡಗಾಡು ಸೀಮೆ. ಮಳೆ ವರ್ಷಕ್ಕೆ 400ರಿಂದ 600 ಮಿ.ಮೀ., ಅಂದ್ರ ನಮಗಿಂತ ಹೆಚ್ಚೇನಿಲ್ಲ. ಮಣ್ಣು ಅನ್ನೂದಕ್ಕಿಂತ ಪದರು ಪದರಾಗಿ ಒಡೆಯುವ ಕರಿ ಫರಸಿಕಲ್ಲಿನ ಚೂರು ಅನ್ನಬೇಕು; ಅವರು ಅದಕ್ಕೆ ಯಿಕೊರೆಯಾ ಅಂತಾರ. ಬೇರು ಆ ಪದರುಗಳ ಸಂದಿಯೊಳಗ ಇಳಿದು ಹಸಿ ಹುಡುಕತೈತಿ. ಗಾರ್ನಾಚ, ಕಾರಿನ್ಯೆನಾ ಅನ್ನುವ ಎರಡು ಕಪ್ಪು ತಳಿ. ಹಳೇ ಪಡದಾಗ ಹಂದರ ಇಲ್ಲ, ತಂತಿ ಇಲ್ಲ. ಮೊಣಕಾಲೆತ್ತರದ ಬೊಡ್ಡೆ, ಅದರ ಮ್ಯಾಲ ನಾಕಾರು ಟೊಂಗಿ. ಇಳಿಜಾರು ಎಷ್ಟು ಕಡಿದಂದ್ರ ಕೆಲವು ಕಡೆ ಇಂದಿಗೂ ಹೇಸರಗತ್ತೆ ಕಟ್ಟಿ ಉಳತಾರ. ಅಂಥ ಬಳ್ಳಿಗಳಾಗ ಎಂಬತ್ತು, ನೂರು ವರ್ಷದವೂ ಅದಾವ.

ಇದು ಹೆಂಗ ಸಾಧ್ಯ? ನಾವು ಹಿಂಗಾರಿ ಬಿಳಿಜ್ವಾಳ ಬೆಳೀತೀವಲ್ಲ, ಅದೇ ಲೆಕ್ಕ. ನೆಲ ಹಿಡಿದಿಟ್ಟ ಹಸಿಯ ಮ್ಯಾಲೇ ಬೆಳೆ. ಹಸಿ ಕಡಿಮೆ ಇದ್ದಲ್ಲಿ ಸಸಿ ದೂರ ದೂರ, ಕಾಯಿ ಕಡಿಮೆ. ಅಲ್ಲಿಯ ನಿಯಮದ ಪ್ರಕಾರ ಹೆಕ್ಟೇರಿಗೆ 6,000 ಕಿಲೋ ದಾಟಂಗಿಲ್ಲ, ಅಂದ್ರ ಎಕರೆಗೆ ಸುಮಾರು 24 ಕ್ವಿಂಟಾಲ್. ಹಳೇ ಬಳ್ಳಿ ಅಷ್ಟೂ ಕೊಡೂದಿಲ್ಲ. ಬಳ್ಳಿಗೆ ಒಂದು ಕಿಲೋ ಬಂದರೆ ಬಂತು. ನಾವು ಎಕರೆಗೆ ಹತ್ತು ಟನ್ ಕೇಳೂ ಮಂದಿ!

ಇನ್ನು ಕೆಂಪು ವೈನಿನ ಗುಟ್ಟು. ಅದರ ಬಣ್ಣ, ಒಗರು ಬಹುಪಾಲು ಸಿಪ್ಪೆಯೊಳಗಿನದು, ರಸದ್ದಲ್ಲ. ಅದಕ್ಕ ಸಿಪ್ಪೆ ಸಮೇತ ಹುಳಿಸಿ, ಮ್ಯಾಲ ತೇಲಿ ಬಂದ ಸಿಪ್ಪೆಯನ್ನು ದಿನಾ ಕೆಳಗ ಒತ್ತತಾರ, ಆಮ್ಯಾಲ ಹಿಂಡತಾರ. ಕಾಳು ಸಣ್ಣದಾದಷ್ಟು ರಸಕ್ಕೆ ಸಿಪ್ಪೆಯ ಪಾಲು ಹೆಚ್ಚು, ವೈನ್ ಗಟ್ಟಿ. ನಾವು ಕಾಳು ದಪ್ಪ ಆಗಲಿ ಅಂತ ಜಿಎ ದ್ರಾವಣದಾಗ ಗೊನೆ ಅದ್ದತೀವಿ. ಅವರಿಗೆ ಸಣ್ಣ ಕಾಳೇ ಬಂಗಾರ.

ಆದರೆ ಬಳ್ಳಿ ಉಳಿದದ್ದು ಇದರಿಂದಷ್ಟೇ ಅಲ್ಲ. 1890ರ ದಶಕದಾಗ ಫಿಲಾಕ್ಸೆರಾ ಅನ್ನುವ ಬೇರುಹುಳ ಬಂದು ಆ ಸೀಮೆಯ ಪಡಗಳನ್ನೆಲ್ಲ ತಿಂದು ಹಾಕಿತು. ಮತ್ತ ಅಮೆರಿಕದ ಬೇರುಸಸಿ ಮ್ಯಾಲ ಕಸಿ ಕಟ್ಟಿ ಹಚ್ಚಿದರು. (ನಮ್ಮ ಡಾಗ್‌ರಿಡ್ಜ್ ಕೂಡ ಟೆಕ್ಸಾಸ್ ಕಡೆಯದೇ.) ಮುಂದ ಬಹಳ ವರ್ಷ ದ್ರಾಕ್ಷಿ ಸಹಕಾರಿ ಸಂಘಕ್ಕೆ ಹೋಗಿ, ಬೇರೆ ವೈನಿಗೆ ಬೆರೆಸಾಕ ಸಗಟು ದರದಾಗ ಮಾರಾಟ ಆಗುತ್ತಿತ್ತು. ಇಷ್ಟು ಕಡಿಮೆ ಇಳುವರಿಗೆ ಆ ದರ ಸಾಲಲಿಲ್ಲ. ಹುಡುಗರು ಪಟ್ಟಣ ಹಿಡಿದರು, ಪಡ ಪಾಳು ಬಿದ್ದವು. 1979ರಲ್ಲಿ ರೆನೆ ಬಾರ್ಬಿಯೆ ಅನ್ನುವವರು ಗ್ರತಯೋಪ್ಸ್ ಹಳ್ಳಿಯಾಗ ಜಮೀನು ತಗೊಂಡರು. 1989ರಲ್ಲಿ ಅವರು, ಅಲ್ವಾರೊ ಪಲಾಸಿಯೊಸ್ ಮತ್ತು ಇನ್ನೊಂದಿಷ್ಟು ಗೆಳೆಯರು ಕೂಡಿ ವೈನ್ ಮಾಡಿದರು, ಬಾಟಲಿಗೆ ತುಂಬಿ ದೊಡ್ಡ ದರಕ್ಕೆ ಮಾರಿದರು. 1993ರಲ್ಲಿ ಪಲಾಸಿಯೊಸ್ ಹಳೇ ಗಾರ್ನಾಚದಿಂದ ಮಾಡಿದ 'ಲೆರ್ಮಿತಾ' ಸ್ಪೇನಿನ ಅತಿ ತುಟ್ಟಿ ವೈನುಗಳಲ್ಲಿ ಒಂದಾಯ್ತು. ಆಮ್ಯಾಲೇ ಹಳೇ ಬೊಡ್ಡೆಗೆ ಬೆಲೆ ಬಂತು. ಬೇರು ಬಳ್ಳಿಯನ್ನು ಬದುಕಿಸಿತು, ಖರೆ; ಕೊಡಲಿಯಿಂದ ಉಳಿಸಿದ್ದು ದರ.

ಇದನ್ನ ಓದಿ ನಾಳೆನೇ ಡ್ರಿಪ್ ಬಂದ್ ಮಾಡಬ್ಯಾಡ್ರಿ! ಅವರ ಬಳ್ಳಿ ಚಳಿಗಾಲದಾಗ ಎಲೆ ಉದುರಿಸಿ ಮಲಗತೈತಿ, ಆಗ ಬಿದ್ದ ಮಳೆ ನೆಲದಾಗ ಉಳೀತೈತಿ. ನಮ್ಮ ಬಳ್ಳಿಗೆ ನಿದ್ದಿನೇ ಇಲ್ಲ. 40 ಡಿಗ್ರಿ ಬಿಸಿಲಾಗ ಚಾಟ್ನಿ ಮಾಡಿ ಹೊಸ ಚಿಗುರು ಕೇಳತೀವಿ. ಡ್ರಿಪ್ಪಿನ ತೊಟ್ಟಿಗೆ ಬೆಳೆದ ಬೇರು ಹೆಚ್ಚಿನಂಶ ಮ್ಯಾಲೇ ಐತಿ. ಅಲ್ಲೂ 2021ರಿಂದ ಮೂರು ವರ್ಷ ಬರ ಹಿಡಿದಾಗ ಇಳುವರಿ ಕುಸೀತು, ಬಳ್ಳಿಗಳು ಒಣಗಿದವು. ಹಳೇ ಬೇರಿಗೂ ಒಂದು ಮಿತಿ ಐತಿ.

ಹಂಗಾರ ನಾನೇನು ಮಾಡಾಂವ? ನಮ್ಮ ಒಣದ್ರಾಕ್ಷಿ ಕೊಳ್ಳೋರು ಬಣ್ಣ, ಗಾತ್ರ ಕೇಳತಾರ. ಬಳ್ಳಿಯ ವಯಸ್ಸು ಯಾರೂ ಕೇಳಂಗಿಲ್ಲ. ಅದಕ್ಕ ಒಂದೂವರೆ ಎಕರೆ ಕೀಳೂದು ಅಂತ ಮಗನಿಗೆ ಒಪ್ಪಿಗೆ ಕೊಟ್ಟೀನಿ. ಒಡ್ಡಿನ ಕಡೆ ಮಣ್ಣು ಆಳ ಇರೂ ಅರ್ಧ ಎಕರೆ ಮಾತ್ರ ಬಿಡ್ತೀವಿ. ಅಲ್ಲಿ ಗೊನೆ ಅರ್ಧಕ್ಕೆ ಇಳಿಸೂದು, ಬುಡಕ್ಕೆ ಕಬ್ಬಿನ ರವದಿ ಹೊಚ್ಚೂದು, ದಿನಾ ಚೂರು ನೀರು ಕೊಡೂ ಬದಲು ದಿನ ಬಿಟ್ಟು ಆಳಕ್ಕೆ ಇಳಿಯೂ ಹಂಗ ಕೊಡೂದು. ಮೂರು ವರ್ಷ ಖರ್ಚು, ನೀರು, ತೂಕ ಎಲ್ಲಾ ಬರೆದಿಟ್ಟು ಇಲ್ಲೇ ಹಾಕ್ತೀನಿ. ಲೆಕ್ಕ ಕೂಡದಿದ್ದರ ಅದನ್ನೂ ಕೀಳಿಸೂದೇ.

ನಿಮ್ಮ ಕಡೆ ಇಪ್ಪತ್ತು ದಾಟಿದ ಪಡ ಇದ್ರ, ಕೀಳೂ ಮುಂಚೆ ಒಂದು ಬೊಡ್ಡೆ ಬುಡ ಅಗದು ಬೇರು ಎಷ್ಟು ಫೂಟು ಇಳಿದೈತಿ ನೋಡಿ ತಿಳಿಸ್ರಿ. ನಾನೂ ಬರೂ ವಾರ ಅಗದು ಫೋಟೋ ಹಾಕ್ತೀನಿ.