ಮೂರನೆಯ ಹಾಳೆ: ವಾಟರ್ಲೂದಿಂದ ಒಂದು ಕಾಗದ

ವಾಟರ್ಲೂ, ಕೆನಡಾ
ಮೇ ತಿಂಗಳ ಕೊನೆ

ಪ್ರೀತಿಯ ಗೆಳತಿಗೆ,

ನಯಾಗರ ನೋಡಿದೆಯಾ ಅಂತ ಕೇಳಿದ್ದೆ. ನೋಡಿದೆ. ನೀರು ಬೇಕಾದಷ್ಟಿದೆ, ಜನ ಅದಕ್ಕಿಂತ ಹೆಚ್ಚಿದ್ದಾರೆ. ಫೋಟೊಗಳನ್ನು ಮಗಳು ಕಳಿಸಿದ್ದಾಳಲ್ಲ, ಅಷ್ಟು ಸಾಕು. ಈ ಕಾಗದ ಬೇರೊಂದು ಜಾಗದ್ದು. ನೀನಿನ್ನೂ ಪಿಯು ಮಕ್ಕಳಿಗೆ ಫಿಸಿಕ್ಸ್ ಹೇಳಿಕೊಡುತ್ತಿದ್ದೀಯ, ನಾನು ರಿಟೈರಾದರೂ ಹಳೇ ಚಾಳಿ ಬಿಟ್ಟಿಲ್ಲ. ಹಾಗಾಗಿ ಸ್ವಲ್ಪ ಉದ್ದವೇ ಆದೀತು, ಸ್ಟಾಫ್ ರೂಮಿನಲ್ಲಿ ಕೂತು ಪುರುಸೊತ್ತಾಗಿ ಓದು.

ಊರು ಟೊರಾಂಟೊದಿಂದ ನೂರು ಕಿಲೋಮೀಟರ್ ಚಿಲ್ಲರೆ. ವಾಟರ್ಲೂ, ಕಿಚನರ್ ಎರಡೂ ಅಂಟಿಕೊಂಡ ಅವಳಿ ಊರುಗಳು. ಯಾವುದು ಎಲ್ಲಿ ಮುಗಿಯುತ್ತದೆ ಅಂತ ಇಲ್ಲೇ ಇರುವ ಅಳಿಯನಿಗೂ ಖಾತ್ರಿಯಿಲ್ಲ. ಉತ್ತರದ ಕಡೆ ಹೋದರೆ ಮೆನೊನೈಟ್ ಪಂಥದ ರೈತರು ಕಪ್ಪು ಕುದುರೆಗಾಡಿಯಲ್ಲಿ ಡಾಂಬರು ರಸ್ತೆ ಮೇಲೆ ಎದುರಾಗುತ್ತಾರೆ. ಇಲ್ಲಿಗೆ ಬಂದು ಬರೆದವರೆಲ್ಲ ಆ ಗಾಡಿಯ ಪಕ್ಕ ಒಂದು ಕಂಪ್ಯೂಟರ್ ನಿಲ್ಲಿಸಿ ಬೆರಗಾಗುತ್ತಾರೆ. ನಾನು ಆ ಕೆಲಸಕ್ಕೆ ಹೋಗುವುದಿಲ್ಲ. ಅವರ ಮೇಪಲ್ ಸಿರಪ್ ದೋಸೆಗೂ ಹೊಂದುತ್ತದೆ, ಅಷ್ಟು ಹೇಳಿ ಮುಂದೆ ಹೋಗುತ್ತೇನೆ.

ಬ್ಲ್ಯಾಕ್‌ಬೆರಿ ಫೋನು ನೆನಪಿದೆಯಲ್ಲ, ಪುಟ್ಟ ಪುಟ್ಟ ಗುಂಡಿಗಳದ್ದು? ಅದು ಹುಟ್ಟಿದ ಊರು ಇದು. ಆ ಕಂಪನಿಯನ್ನು 1984ರಲ್ಲಿ ಶುರುಮಾಡಿದವರಲ್ಲಿ ಒಬ್ಬರಾದ ಮೈಕ್ ಲಜಾರಿಡಿಸ್ ಇಲ್ಲಿನ ವಿಶ್ವವಿದ್ಯಾಲಯದಲ್ಲಿ ಎಂಜಿನಿಯರಿಂಗ್ ಓದುತ್ತಿದ್ದು, ಡಿಗ್ರಿ ಮುಗಿಸದೆ ಬಿಟ್ಟುಹೋದವರು. ದುಡ್ಡು ಕೈಗೆ ಬಂದ ಮೇಲೆ ಅದನ್ನು ಫೋನಿನಿಂದ ಫಿಸಿಕ್ಸಿಗೆ ಹರಿಸಿದರು. 1999ರಲ್ಲಿ ಸೈದ್ಧಾಂತಿಕ ಭೌತಶಾಸ್ತ್ರಕ್ಕೆಂದು ಪೆರಿಮೀಟರ್ ಇನ್‌ಸ್ಟಿಟ್ಯೂಟ್ ಹುಟ್ಟಿತು. 2002ರಲ್ಲಿ ವಿಶ್ವವಿದ್ಯಾಲಯದ ಒಳಗೇ ಇನ್‌ಸ್ಟಿಟ್ಯೂಟ್ ಫಾರ್ ಕ್ವಾಂಟಮ್ ಕಂಪ್ಯೂಟಿಂಗ್ ಬಂತು. ಇಲ್ಲಿ ಎಲ್ಲರೂ ಅದನ್ನು ಐಕ್ಯೂಸಿ ಅನ್ನುತ್ತಾರೆ. ಮೊದಲ ನಿರ್ದೇಶಕ ರೇಮಂಡ್ ಲಾಫ್ಲಾಮ್, ಸ್ಟೀಫನ್ ಹಾಕಿಂಗ್ ಅವರ ಶಿಷ್ಯ. ವಿಶ್ವ ಕುಗ್ಗತೊಡಗಿದರೆ ಕಾಲವೂ ಹಿಂದಕ್ಕೆ ತಿರುಗುತ್ತದೆ ಅಂತ ಗುರು ನಂಬಿದ್ದರು. ಲೆಕ್ಕ ಮಾಡಿ ತೋರಿಸಿ ಆ ನಂಬಿಕೆ ಬಿಡಿಸಿದವರಲ್ಲಿ ಈ ಶಿಷ್ಯನೂ ಒಬ್ಬ. ಗುರುವೂ ಒಪ್ಪಿಕೊಂಡರು. ಇಂಥ ಗುರುಶಿಷ್ಯರ ಕತೆ ನಮ್ಮ ಕಾಲೇಜುಗಳಲ್ಲಿ ಕೇಳಿದ್ದೀಯಾ, ಹೇಳು. ಲಾಫ್ಲಾಮ್ 2025ರಲ್ಲಿ ತೀರಿಕೊಂಡರು.

ಐಕ್ಯೂಸಿಯ ಈಗಿನ ಕಟ್ಟಡ 2012ರದು, ಉದ್ಘಾಟನೆಗೆ ಹಾಕಿಂಗ್ ಬಂದಿದ್ದರಂತೆ. ಕ್ಯಾಂಪಸ್ಸಿನ ನಡುವೆ ಇದೆ, ಮುಖವೆಲ್ಲ ಆರು ಮೂಲೆಯ ಚೌಕಟ್ಟುಗಳು. ಬಾಗಿಲ ಹತ್ತಿರ ಕೆನಡಾ ಹೆಬ್ಬಾತುಗಳ ಕಾಟ. ಈ ತಿಂಗಳಲ್ಲಿ ಮರಿಗಳಿರುತ್ತವಲ್ಲ, ಹತ್ತಿರ ಹೋದರೆ ಕತ್ತು ಚಾಚಿ ಬುಸ್ ಅನ್ನುತ್ತವೆ. ಪ್ರೊಫೆಸರುಗಳೇ ಸುತ್ತುಬಳಸಿ ಹೋಗುವುದನ್ನು ಕಂಡೆ.

ಒಳಗೆ ಕರೆದುಕೊಂಡು ಹೋಗಿ ತೋರಿಸಿದ್ದು ಸಂಶೋಧನೆ ಮಾಡುತ್ತಿರುವ ಒಬ್ಬ ಹುಡುಗಿ. ಕ್ಲೀನ್ ರೂಮನ್ನು ಗಾಜಿನಾಚೆಯಿಂದ ನೋಡಬೇಕು. ಒಳಗಿನವರು ತಲೆಯಿಂದ ಕಾಲಿನವರೆಗೆ ಬಿಳಿ ಬಟ್ಟೆ ಮುಚ್ಚಿಕೊಂಡಿರುತ್ತಾರೆ, ಕಣ್ಣು ಮಾತ್ರ ಕಾಣುತ್ತದೆ. ಒಂದು ಕಡೆ ದೀಪವೆಲ್ಲ ಹಳದಿ. ಚಿಪ್ಪಿನ ಮೇಲೆ ಬಳಿಯುವ ರಾಸಾಯನಿಕಕ್ಕೆ ನೀಲಿ ಮತ್ತು ಅತಿನೇರಳೆ ಬೆಳಕು ತಾಗಿದರೆ ಕೆಟ್ಟುಹೋಗುತ್ತದೆ, ಅದಕ್ಕೆ ಈ ವ್ಯವಸ್ಥೆ. ಇನ್ನೊಂದು ಕಡೆ ಡೈಲ್ಯೂಷನ್ ರೆಫ್ರಿಜರೇಟರ್. ಹೊರ ಡಬ್ಬ ಬಿಚ್ಚಿದ್ದರಿಂದ ಚಿನ್ನದ ಲೇಪದ ತಟ್ಟೆಗಳು ಒಂದರ ಕೆಳಗೊಂದು ಇಳಿಬಿದ್ದಿದ್ದವು. ಹೀಲಿಯಂ-3 ಮತ್ತು ಹೀಲಿಯಂ-4 ಬೆರೆಸಿ, ಆ ಬೆರಕೆಯಲ್ಲಿ ಒಂದು ಪದರದಿಂದ ಇನ್ನೊಂದಕ್ಕೆ ಹೀಲಿಯಂ-3 ದಾಟುವಾಗ ಶಾಖ ಹೀರಿಕೊಳ್ಳುತ್ತದಲ್ಲ, ಅದರಿಂದಲೇ ತಂಪು. ಆಕಾಶದ ಖಾಲಿ ಜಾಗದಲ್ಲಿ 2.7 ಕೆಲ್ವಿನ್ ಇರುತ್ತದೆ. ಇದರ ತಳದ ತಟ್ಟೆಯಲ್ಲಿ ಕೆಲಸ ನಡೆಯುವಾಗ 0.01 ಕೆಲ್ವಿನ್ ಆಸುಪಾಸು. ಅಲ್ಲಿ ಕೂರಿಸಿದ ಚಿಪ್ಪು ನನ್ನ ಕಿರುಬೆರಳ ಉಗುರಿಗಿಂತ ದೊಡ್ಡದೇನಲ್ಲ.

ನಿಜ ಹೇಳಲಾ? ಬೆರಗಾದೆ, ಆದರೆ ಹೊಟ್ಟೆ ತುಂಬಲಿಲ್ಲ. ಜನಜಂಗುಳಿಯಲ್ಲಿ ಗರ್ಭಗುಡಿ ಎದುರು ಅರೆಗಳಿಗೆ ನಿಂತು ಮುಂದೆ ತಳ್ಳಿಸಿಕೊಂಡ ಹಾಗಾಯಿತು. ನಮ್ಮ ಜೊತೆ ಬಂದಿದ್ದ ಹೈಸ್ಕೂಲು ಮಕ್ಕಳು ಫ್ರಿಜ್ಜಿನ ಮುಂದೆ ಸೆಲ್ಫಿ ತೆಗೆದುಕೊಂಡರು. ಯಾವ ಮಗುವೂ ಒಂದು ಪ್ರಶ್ನೆ ಕೇಳಲಿಲ್ಲ.

ಅದು ಆ ಹುಡುಗಿಗೂ ಗೊತ್ತಿತ್ತು ಅಂತ ಕಾಣುತ್ತದೆ. ಕೊನೆಗೆ ಎಲ್ಲರನ್ನೂ ಒಂದು ಮೇಜಿನ ಸುತ್ತ ನಿಲ್ಲಿಸಿ, ಒಂದು ಟಾರ್ಚು, ಅಂಗೈಯಗಲದ ಮೂರು ಪೋಲರಾಯ್ಡ್ ಹಾಳೆ ಇಟ್ಟಳು. ಮೊದಲ ಹಾಳೆ ಬೆಳಕಿಗೆ ಹಿಡಿದಳು, ಸ್ವಲ್ಪ ಮಂಕಾಯಿತು. ಎರಡನೆಯದನ್ನು ಅದಕ್ಕೆ ಅಡ್ಡವಾಗಿ ತಿರುಗಿಸಿ ಇಟ್ಟಳು, ಪೂರ್ತಿ ಕತ್ತಲೆ. ಇನ್ನೊಂದು ಹಾಳೆ ಸೇರಿಸಿದರೆ ಏನಾಗುತ್ತದೆ ಅಂತ ಕೇಳಿದಳು. ಇನ್ನೂ ಕತ್ತಲೆ ಅಂದರು ಎಲ್ಲರೂ, ಕತ್ತಲೆಗಿಂತ ಕತ್ತಲೆ ಎಲ್ಲಿಂದ ಬರಬೇಕು ಅಂದ ಒಬ್ಬ ಹುಡುಗ. ಮೂರನೆಯ ಹಾಳೆಯನ್ನು ಆ ಎರಡರ ನಡುವೆ ಓರೆಯಾಗಿ, 45 ಡಿಗ್ರಿಗೆ ತೂರಿಸಿದಳು. ಬೆಳಕು ಬಂತು! ಅಡ್ಡಿಗೆ ಇನ್ನೊಂದು ಅಡ್ಡಿ ಸೇರಿಸಿದ್ದಕ್ಕೆ ಬೆಳಕು ಬಂತು. ಸೆಲ್ಫಿಯ ಮಕ್ಕಳೆಲ್ಲ ಮೇಜಿಗೆ ಮುಗಿಬಿದ್ದರು. ಹಾಳೆಗಳನ್ನು ಕಿತ್ತುಕೊಂಡು ತಾವೇ ತಿರುಗಿಸಿ ನೋಡಿದರು, ಓರೆ ಹಾಳೆಯನ್ನು ನಡುವೆ ಇಡದೆ ಹೊರಗಿಟ್ಟರೆ ಕತ್ತಲೆ ಹೋಗುವುದಿಲ್ಲ ಅಂತ ಅವರೇ ಕಂಡುಹಿಡಿದರು.

ಇದರ ಲೆಕ್ಕ ನಿನಗೆ ಬಾಯಿಪಾಠ. ಮ್ಯಾಲಸ್ ನಿಯಮ: ಮೊದಲ ಹಾಳೆ ದಾಟಿದ್ದರ ಅರ್ಧ ನಡುವಿನದನ್ನು ದಾಟುತ್ತದೆ, ಅದರ ಅರ್ಧ ಕೊನೆಯದನ್ನು. ಅಂದರೆ ನಾಲ್ಕನೇ ಒಂದು ಪಾಲು. ದ್ವಿತೀಯ ಪಿಯು ಪುಸ್ತಕದ ತರಂಗ ದ್ಯುತಿಶಾಸ್ತ್ರದ ಪಾಠದಲ್ಲಿ ಬಿಡಿಸಿದ ಲೆಕ್ಕವಾಗಿಯೇ ಇದೆ. ನಮ್ಮಲ್ಲಿ ಅದನ್ನು ಬೋರ್ಡಿನ ಮೇಲೆ ಬಿಡಿಸದ ಮೇಷ್ಟರಿಲ್ಲ, ಪರೀಕ್ಷೆಯಲ್ಲಿ ಬರೆದು ಅಂಕ ತೆಗೆಯದ ಜಾಣರಿಲ್ಲ. ಕಣ್ಣಾರೆ ಕಂಡವರು ಎಷ್ಟು ಮಂದಿ?

ತಮಾಷೆ ಮುಂದಿದೆ. ಅಲ್ಲಿಂದಲೇ ಆ ಹುಡುಗಿ ಗುಪ್ತಲಿಪಿಗೆ ಬಂದಳು. ನಡುವಿನ ಹಾಳೆ ಬೆಳಕನ್ನು ಸುಮ್ಮನೆ ಸೋಸುವುದಿಲ್ಲ, ಅದರ ಕಂಪನದ ದಿಕ್ಕನ್ನೇ ಬದಲಿಸಿ ಕಳಿಸುತ್ತದೆ. ಒಂದೊಂದೇ ಫೋಟಾನ್ ಕಳಿಸಿದರೆ ಇದೇ ಗುಣ ಕಾವಲುಗಾರನಾಗುತ್ತದೆ. ಕಳಿಸುವವನು ನಾಲ್ಕು ದಿಕ್ಕುಗಳಲ್ಲಿ ಒಂದನ್ನು ಆರಿಸಿ ಫೋಟಾನ್ ಬಿಡುತ್ತಾನೆ: ನೆಟ್ಟಗೆ, ಅಡ್ಡ, ಎರಡು ಓರೆ. ಪಡೆಯುವವನು ತನಗೆ ತೋಚಿದ ಹಾಗೆ ನೇರವಾಗಿಯೋ ಓರೆಯಾಗಿಯೋ ಅಳೆಯುತ್ತಾನೆ. ಆಮೇಲೆ ಇಬ್ಬರೂ ಫೋನಿನಲ್ಲಿ ಯಾವ ರೀತಿ ಕಳಿಸಿದೆ, ಯಾವ ರೀತಿ ಅಳೆದೆ ಅಂತ ಮಾತ್ರ ಹೇಳಿಕೊಂಡು, ಹೊಂದಿದ್ದನ್ನು ಇಟ್ಟುಕೊಂಡು ಉಳಿದದ್ದನ್ನು ಬಿಸಾಡುತ್ತಾರೆ. ಇಟ್ಟುಕೊಂಡದ್ದೇ ಕೀಲಿ. ನಡುವೆ ಕಳ್ಳ ನುಗ್ಗಿ ಪ್ರತಿ ಫೋಟಾನನ್ನೂ ಅಳೆದು ಮತ್ತೆ ಕಳಿಸಿದರೆ, ಅವನೇ ಆ ನಡುವಿನ ಹಾಳೆ. ಕೀಲಿಯ ನಾಲ್ಕನೇ ಒಂದು ಭಾಗ ಕೆಡುತ್ತದೆ, ಒಂದಿಷ್ಟು ಭಾಗ ಹೋಲಿಸಿ ನೋಡಿದರೆ ಸಿಕ್ಕಿಬೀಳುತ್ತಾನೆ. ಚಾರ್ಲ್ಸ್ ಬೆನೆಟ್ ಜೊತೆ ಮಾಂಟ್ರಿಯಲ್‌ನ ಜಿಲ್ ಬ್ರಸಾರ್ 1984ರಲ್ಲಿ ಹೇಳಿದ ಉಪಾಯ ಇದು. ಈ ಊರಿನಲ್ಲಿ 2008ರಲ್ಲೇ ಹೆಣೆದುಕೊಂಡ ಫೋಟಾನ್ ಜೋಡಿಗಳನ್ನು ಬಯಲ ಗಾಳಿಯಲ್ಲೇ ಕಳಿಸಿ, ಐಕ್ಯೂಸಿಗೂ ಪೆರಿಮೀಟರಿಗೂ ನಡುವೆ ಒಂದೂವರೆ ಕಿಲೋಮೀಟರಿಗೂ ಮಿಕ್ಕಿದ ದೂರಕ್ಕೆ ಕೀಲಿ ಹಂಚಿದ್ದರು. ಎರಡು ಕಟ್ಟಡಗಳೂ ಒಂದಕ್ಕೊಂದು ಕಾಣುವುದಿಲ್ಲ, ನಡುವೆ ಇನ್ನೊಂದು ಮಾಳಿಗೆ ಮೇಲಿಂದ ಎರಡೂ ಕಡೆ ಬೆಳಕು ಬಿಟ್ಟರು.

ಮುಂದೆ ಏನೇನಿದೆ ಅಂತ ವಿಚಾರಿಸಿದೆ. ವಿದ್ವಾಂಸರ ಭಾಷಣಗಳು ಇದ್ದೇ ಇವೆ, ಒಂದಕ್ಕೆ ಹೋಗಿದ್ದೆ. ಕ್ವಾಂಟಮ್ ಕಂಪ್ಯೂಟರಿನ ಬಿಟ್ಟುಗಳಾದ ಕ್ಯೂಬಿಟ್ಟುಗಳ ತಪ್ಪು ತಿದ್ದುವ ವಿಷಯ. ಅರ್ಧಕ್ಕೆ ಬರುವಷ್ಟರಲ್ಲಿ ಗಣಿತ ನನ್ನನ್ನು ಬಿಟ್ಟು ಮುಂದೆ ಹೋಯಿತು. ಆದರೆ ಪ್ರಶ್ನೆಯ ಹೊತ್ತು ಚೆನ್ನಾಗಿತ್ತು. ಕೂದಲು ನರೆತ ಒಬ್ಬರು ಎದ್ದು, ನೀನು ಮೊದಲ ಸ್ಲೈಡಿನಲ್ಲಿ ಹೇಳಿದ್ದೇ ನನಗೆ ಅರ್ಥವಾಗಿಲ್ಲ ಅಂದರು. ಭಾಷಣ ಮಾಡಿದ ಹುಡುಗ ಖುಷಿಯಿಂದಲೇ ಮತ್ತೆ ಮೊದಲಿಂದ ಹೇಳಿದ. ನಮ್ಮ ಸೆಮಿನಾರುಗಳಲ್ಲಿ ಪ್ರಶ್ನೆಗಿಂತ ವಂದನಾರ್ಪಣೆ ಉದ್ದವಿರುತ್ತದೆ, ಬಲ್ಲೆಯಲ್ಲ.

ನನಗೆ ಮನಸ್ಸು ನಿಂತದ್ದು ತರಬೇತಿಗಳ ಮೇಲೆ. ಬೇಸಿಗೆ ಶುರುವಿನಲ್ಲಿ ಡಿಗ್ರಿ ಓದುವವರಿಗೆ ಎರಡು ವಾರದ ಶಾಲೆ, ಅದನ್ನು ಯೂಸ್‌ಕ್ವಿಪ್ ಅಂತ ಕರೆಯುತ್ತಾರೆ. ಬೇರೆ ದೇಶಗಳ ಮಕ್ಕಳೂ ಅರ್ಜಿ ಹಾಕಿ ಬರುತ್ತಾರೆ. ಪಾಠದ ಜೊತೆಗೆ ಲ್ಯಾಬಿನಲ್ಲೂ ಹೊತ್ತು ಕಳೆಯಬೇಕು, ಲೇಸರ್ ಹೊಂದಿಸುವುದೂ ಎನ್‌ಎಂಆರ್ ಯಂತ್ರ ನಡೆಸುವುದೂ ಅವರೇ. ಆಗಸ್ಟಿನಲ್ಲಿ ಹೈಸ್ಕೂಲು ಕೊನೆಯ ವರ್ಷಗಳ ಮಕ್ಕಳಿಗೆ ಕ್ವಾಂಟಮ್ ಸ್ಕೂಲ್. ಅಂದರೆ ನಿನ್ನ ಕ್ಲಾಸಿನ ವಯಸ್ಸಿನವರಿಗೆ. ಇನ್ನೊಂದು ಮೇಷ್ಟರಿಗಾಗಿಯೇ ಇರುವುದು, ಅದರ ಹೆಸರು ಶ್ರೋಡಿಂಜರ್ಸ್ ಕ್ಲಾಸ್. ಅಲ್ಲಿ ಶಿಕ್ಷಕರನ್ನು ಕೂರಿಸಿ ಇಂಥ ಮೂರು ಹಾಳೆಯ ಪ್ರಯೋಗಗಳನ್ನು ಕೈಯಾರೆ ಮಾಡಿಸಿ, ಪಾಠದ ಸಾಮಗ್ರಿ ಕೊಟ್ಟು ಕಳಿಸುತ್ತಾರೆ. ಒಬ್ಬ ಶಿಕ್ಷಕಿ ಕಲಿತುಹೋದರೆ ವರ್ಷವರ್ಷವೂ ಒಂದೊಂದು ಕ್ಲಾಸು ಕಲಿಯಿತು. ಸಾವಿರ ಮಂದಿಯನ್ನು ಫ್ರಿಜ್ಜಿನ ಮುಂದೆ ಸಾಲು ನಿಲ್ಲಿಸಿದರೂ ಅದರ ಕಾಲು ಭಾಗ ಫಲವಿಲ್ಲ. ನನ್ನ ತೀರ್ಮಾನ ಇದು, ನೀನು ಜಗಳವಾಡಬಹುದು.

ಅಷ್ಟು ದೂರದ ಊಟದ ರುಚಿ ನಮಗೇಕೆ ಅಂತ ನೀನು ಕೇಳುತ್ತೀಯ, ಅದಕ್ಕೂ ಉತ್ತರವಿದೆ. ಯಂಗನ ಎರಡು ಸೀಳಿನ ಪ್ರಯೋಗ ನಾವು ಪಾಠ ಮಾಡಿದ್ದೇವೆ. ಮೂರು ಸೀಳು ಇಟ್ಟರೆ ಹೊಸದೇನಾದರೂ ಕಾಣುತ್ತದಾ? ಮ್ಯಾಕ್ಸ್ ಬಾರ್ನ್ 1926ರಲ್ಲಿ ಕೊಟ್ಟ ನಿಯಮದ ಪ್ರಕಾರ ಕಾಣಬಾರದು, ಅಲೆಗಳು ಜೋಡಿಜೋಡಿಯಾಗಿ ಮಾತ್ರ ಬೆರೆಯಬೇಕು. ಈ ಐಕ್ಯೂಸಿಯಲ್ಲೇ ಅದನ್ನು ಅಳೆದು ನೋಡಿದರು. ಮೂರರ ಬೆರಕೆ ಏನಾದರೂ ಇದ್ದರೂ ಎರಡರ ಬೆರಕೆಯ ನೂರನೇ ಒಂದು ಪಾಲಿಗಿಂತ ಕಡಿಮೆ ಅಂತ 2010ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಬರೆದರು. ಆ ಲೇಖನದ ಮೊದಲ ಹೆಸರು ಉರ್ಬಸಿ ಸಿನ್ಹಾ. ಆಮೇಲೆ ಅವರು ಬಂದು ಪ್ರಯೋಗಾಲಯ ಕಟ್ಟಿದ್ದು ಎಲ್ಲಿ ಗೊತ್ತಾ? ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ. ಸಿ.ವಿ. ರಾಮನ್ 1948ರಲ್ಲಿ ಕಟ್ಟಿದ ಸಂಸ್ಥೆ, ನಾವಿಬ್ಬರೂ ಮೇಖ್ರಿ ವೃತ್ತದ ಹತ್ತಿರ ಬಸ್ಸಿನ ಕಿಟಕಿಯಿಂದ ಅದರ ಮರಗಳನ್ನಷ್ಟೇ ನೋಡಿ ಹೋಗಿದ್ದೇವೆ. 2021ರಲ್ಲಿ ಆ ಆವರಣದ ಎರಡು ಕಟ್ಟಡಗಳ ನಡುವೆ, 50 ಮೀಟರ್ ಬಯಲಿನಲ್ಲಿ, ಇಸ್ರೋ ಜೊತೆಗೂಡಿ ಅವರ ತಂಡ ಇದೇ ಥರ ಕ್ವಾಂಟಮ್ ಕೀಲಿ ಹಂಚಿ ತೋರಿಸಿತು. ಹಾಗಾಗಿ ಈ ವಿದ್ಯೆ ಕಡಲಾಚೆಯದು ಅಂತ ಮಕ್ಕಳಿಗೆ ಹೇಳಬೇಡ, ಬೆಂಗಳೂರಿನ ಬಸ್ಸು ಹತ್ತಿದರೆ ಸಿಗುತ್ತದೆ ಅಂತ ಹೇಳು.

ಕೇಂದ್ರ ಸರ್ಕಾರ 2023ರಲ್ಲಿ ರಾಷ್ಟ್ರೀಯ ಕ್ವಾಂಟಮ್ ಮಿಷನ್ ಅಂತ 6003.65 ಕೋಟಿ ರೂಪಾಯಿ ತೆಗೆದಿಟ್ಟಿದೆ. ಕಂಪ್ಯೂಟಿಂಗಿನ ಕೇಂದ್ರ ಬೆಂಗಳೂರಿನ ಐಐಎಸ್‌ಸಿಯಲ್ಲೇ. ದೊಡ್ಡ ಮೊತ್ತ, ದೊಡ್ಡ ಯಂತ್ರಗಳು ಬರಲಿ. ಅದರಲ್ಲಿ ಹಳ್ಳಿ ಕಾಲೇಜಿನ ಲ್ಯಾಬಿಗೆ ಮೂರು ಪೋಲರಾಯ್ಡ್ ಹಾಳೆಯ ದುಡ್ಡೂ ಇಳಿದುಬರಲಿ ಅನ್ನುವುದು ನನ್ನ ಆಸೆ. ಬರುವ ತನಕ ಕಾಯಬೇಡ. ಕೆಟ್ಟುಹೋದ ಎಲ್‌ಸಿಡಿ ಪರದೆ ರಿಪೇರಿ ಅಂಗಡಿಯಲ್ಲಿ ಸಿಗುತ್ತದೆ, ಅದರ ಮೇಲಿನ ಪೋಲರಾಯ್ಡ್ ಪದರ ನಿಧಾನವಾಗಿ ಬಿಡಿಸಿ ಕತ್ತರಿಸಿಕೋ. ತ್ರೀಡಿ ಸಿನಿಮಾ ಕನ್ನಡಕ ಮಾತ್ರ ಬೇಡ, ಹೆಚ್ಚಿನವುಗಳದ್ದು ವೃತ್ತಾಕಾರದ ಧ್ರುವೀಕರಣ, ಮಕ್ಕಳ ತಲೆ ಕೆಡುತ್ತದೆ.

ಇನ್ನೊಂದು ಮಾತು, ಇದನ್ನು ಮುಂದಕ್ಕೆ ಹಾಕಬೇಡ. ಚಳ್ಳಕೆರೆ ತಾಲ್ಲೂಕಿನ ಕುದಾಪುರದಲ್ಲಿ ಐಐಎಸ್‌ಸಿಯ ಎರಡನೇ ಕ್ಯಾಂಪಸ್ಸಿದೆಯಲ್ಲ, ಅಲ್ಲಿನ ಪ್ರತಿಭಾ ವಿಕಾಸ ಕೇಂದ್ರದಲ್ಲಿ ಹೈಸ್ಕೂಲು, ಪಿಯು ವಿಜ್ಞಾನ ಶಿಕ್ಷಕರಿಗೆ ಅಲ್ಲೇ ಉಳಿದುಕೊಂಡು ಪ್ರಯೋಗ ಕಲಿಯುವ ತರಬೇತಿ ಕೊಡುತ್ತಾರೆ. ಇಲ್ಲಿಯವರೆಗೆ ಸಾವಿರಾರು ಶಿಕ್ಷಕರು ಹೋಗಿಬಂದಿದ್ದಾರೆ. ನಿಮ್ಮ ಕಾಲೇಜಿನಿಂದ ಯಾರೂ ಹೋದ ಹಾಗಿಲ್ಲ. ತರಗತಿ ಜೋರಾಗುವ ಮೊದಲೇ ಪ್ರಿನ್ಸಿಪಾಲರ ಹತ್ತಿರ ಮಾತಾಡಿ ನಿನ್ನ ಹೆಸರು ಕಳಿಸು, ಜೊತೆಗೆ ಕೆಮಿಸ್ಟ್ರಿಯ ಆ ಹೊಸ ಮೇಷ್ಟರ ಹೆಸರನ್ನೂ ಸೇರಿಸು.

ನಿನ್ನ
ಹಳೇ ಲ್ಯಾಬ್ ಜೊತೆಗಾತಿ