ಹದಿನಾಲ್ಕನೆಯ ಬಲ್ಬು

ರಂಝಾನ್ ಹಬ್ಬಕ್ಕೆ ಇನ್ನು ನಾಲ್ಕೇ ದಿನ. ಮಗ ನಮ್ಮ ಬೆಳವಣಕಿ ಮನೆಯ ಮುಂಭಾಗದ ಫೋಟೋವನ್ನು ಲ್ಯಾಪ್‌ಟಾಪಿನಲ್ಲಿ ತೆರೆದು, ಅದರ ಮೇಲೆ ಗೆರೆ ಎಳೆಯುತ್ತಾ ಕುಳಿತಿದ್ದ. "ಏನಪ್ಪಾ, ಮನೆ ಕೆಡವಿ ಕಟ್ಟುತ್ತೀಯಾ?" ಎಂದೆ. "ಇಲ್ಲ ಅಮ್ಮೀ, ದೀಪದ ಸರದ ನಕಾಶೆ" ಎಂದ.

ಅದು ಎಕ್ಸ್‌ಲೈಟ್ಸ್ ಎಂಬ ಉಚಿತ ತಂತ್ರಾಂಶ. ಮೊದಲ ಬಲ್ಬು ಎಲ್ಲಿದೆ, ಸರ ಯಾವ ಕಡೆಗೆ ಹೋಗುತ್ತದೆ, ಒಟ್ಟು ಎಷ್ಟು ಬಲ್ಬು ಎಂದು ಅದಕ್ಕೆ ತಿಳಿಸಬೇಕು. ಎಡಗಂಬಕ್ಕೆ 13, ಬಾಗಿಲ ಮೇಲೆ 24, ಬಲಗಂಬಕ್ಕೆ 13, ಒಟ್ಟು 50. ಒಂದೊಂದಕ್ಕೂ ಕೆಂಪು, ಹಸಿರು, ನೀಲಿ ಎಂದು ಮೂರು ಚಾನೆಲ್, ಅಂದರೆ 150. "ಇಸ್ರಾಫ್ ಆಗಬಾರದು ನೋಡು" ಎಂದು ಎಚ್ಚರಿಸಿದೆ. ಐದು ವೋಲ್ಟಿನ ಪುಟ್ಟ ಬಲ್ಬುಗಳು, ಎಲ್ಲವೂ ಬೆಳ್ಳಗೆ ಉರಿದರೂ ಸುಮಾರು 15 ವ್ಯಾಟ್ ಎಂದು ಲೆಕ್ಕ ಒಪ್ಪಿಸಿದ. ಪರದೆಯ ಮೇಲೆ ನಮ್ಮ ಮನೆ ಝಗಮಗಿಸಿತು.

ಸಂಜೆ ಇಫ್ತಾರ್ ಮುಗಿಸಿ ಸರ ಕಟ್ಟಿ ಸ್ವಿಚ್ ಹಾಕಿದರೆ, ಎಡಗಂಬವಷ್ಟೇ ಬೆಳಗಿತು. ಬಾಗಿಲು, ಬಲಗಂಬ ಎರಡೂ ಕತ್ತಲು. ಪರದೆಯಲ್ಲಿ ಮಾತ್ರ ಎಲ್ಲವೂ ಸರಿಯಾಗಿಯೇ ಉರಿಯುತ್ತಿತ್ತು.

"ಹದಿನಾಲ್ಕನೆಯದು ಕೆಟ್ಟಿದೆ" ಎಂದ ಮಗ. ಪ್ರತಿ ಬಲ್ಬಿನೊಳಗೂ ಒಂದು ಚಿಪ್ ಇರುತ್ತದೆ. ಬಂದ ಸಂದೇಶದಲ್ಲಿ ತನ್ನ ಪಾಲನ್ನಷ್ಟೇ ತೆಗೆದುಕೊಂಡು ಉಳಿದದ್ದನ್ನು ಅದು ಮುಂದಕ್ಕೆ ದಾಟಿಸುತ್ತದೆ. ಒಂದು ದಾಟಿಸದೆ ನಿಂತರೆ ಅದರ ಮುಂದಿನವಕ್ಕೆಲ್ಲ ಕತ್ತಲೆಯೇ.

ಆ ಮಾತು ನನಗೆ ನಾಟಿತು. ಮಾವನವರು ತೀರಿಕೊಂಡು ಆರು ವರ್ಷ. ಅತ್ತೆ ಮೊದಲೇ ಹೋಗಿದ್ದರು. ಉಳಿದವರು ನನ್ನ ಗಂಡ ಮತ್ತು ಗಜೇಂದ್ರಗಡಕ್ಕೆ ಕೊಟ್ಟ ನಾದಿನಿ. ಮಗನಿಗೆ ಎರಡು ಪಾಲು, ಮಗಳಿಗೆ ಒಂದು ಎಂದು ಅಲ್ಲಾಹನು ಸೂರಃ ಅನ್ನಿಸಾದಲ್ಲಿ ನಿಗದಿಪಡಿಸಿದ್ದಾನೆ. ಇದು ನಮಗೆ ಗೊತ್ತಿರಲಿಲ್ಲವೆಂದಲ್ಲ. "ಅವಳೇ ಕೇಳಿಲ್ಲವಲ್ಲ" ಎಂದು ಕಡಲೆ ಬೆಳೆಯುವ ಆ ಎರೆಹೊಲವನ್ನು ಪೂರ್ತಿ ನಾವೇ ಉಣ್ಣುತ್ತಿದ್ದೆವು. ಹಬ್ಬಕ್ಕೆ ಬಂದಾಗ ಒಂದು ಸೀರೆ, ಒಂದು ಡಬ್ಬಿ ಸುರಕುಂಬಾ ಕೊಟ್ಟು ಕಳುಹಿಸುತ್ತಿದ್ದೆವು. ಉತಾರದಲ್ಲಿಯೂ ಪರದೆಯ ಮನೆಯಂತೆ ಎಲ್ಲವೂ ಸರಿಯಾಗಿತ್ತು. ಕತ್ತಲಾಗಿದ್ದುದು ಅವಳ ಮನೆಯಲ್ಲಿ.

ಮರುದಿನ ಮಗ ಕೆಟ್ಟ ಬಲ್ಬನ್ನು ಕತ್ತರಿಸಿದ. "ಹಾಗೇ ತಂತಿ ಜೋಡಿಸಿಬಿಡು" ಎಂದರೆ, "ಲೆಕ್ಕ ಒಂದು ತಪ್ಪುತ್ತದೆ ಅಮ್ಮೀ, ಆ ಜಾಗದಲ್ಲಿ ಬಲ್ಬು ಇರಲೇಬೇಕು" ಎಂದು ಹೊಸದೊಂದನ್ನು ಬೆಸೆದ. ಬಾಗಿಲು ಬೆಳಗಿತು.

ಅಂದು ರಾತ್ರಿ ತರಾವೀಹ್ ಮುಗಿಸಿ ಬಂದ ಗಂಡನ ಮುಂದೆ ಮಾತು ತೆಗೆದೆ. ಅವರು ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ, "ಆರು ವರ್ಷದ ಫಸಲಿನದೂ ಲೆಕ್ಕ ಹಾಕಬೇಕಲ್ಲ" ಎಂದರು.

ಹಬ್ಬದ ದಿನ ನಾದಿನಿಗೆ ವಿಷಯ ತಿಳಿಸಿದಾಗ ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳೇ ಹೊರತು "ಬೇಡ" ಎನ್ನಲಿಲ್ಲ. ಇಷ್ಟು ವರ್ಷ ಅವಳು ಕೇಳದಿದ್ದುದು ಬೇಡವೆಂದಲ್ಲ ಎಂಬುದು ಆಗ ನನಗೆ ಅರ್ಥವಾಯಿತು.

ಸಹೋದರಿಯರೇ, ಈ ಹಬ್ಬಕ್ಕೆ ದೀಪ ಕಟ್ಟುವ ಮುನ್ನ ಒಮ್ಮೆ ನೋಡಿಕೊಳ್ಳಿ. ಯಾರಿಗೋ ದಾಟಬೇಕಾದ ಪಾಲು ನಮ್ಮಲ್ಲೇ ನಿಂತಿಲ್ಲವಷ್ಟೇ?